ತೀರ್ಪು ಹೇಳುವವರು ಬದಲಾದಾಗ: ಅಂಡರ್‌ಗ್ರೌಂಡ್ ಹಿಪ್ ಹಾಪ್ ಮತ್ತು ವರ್ಣದ ಪ್ರಶ್ನೆ

ಮಿನಿಯಾಪೊಲಿಸ್‌ನ ರ್‍ಯಾಪರ್ ಬ್ರದರ್ ಅಲಿ 2003ರ ಸುಮಾರಿಗೆ ಅಂಡರ್‌ಗ್ರೌಂಡ್ ಹಿಪ್ ಹಾಪ್‌ನಲ್ಲಿ, ಅಂದರೆ ದೊಡ್ಡ ಸಂಗೀತ ಕಂಪನಿಗಳ ಹೊರಗೆ ಬೆಳೆದ ರ್‍ಯಾಪ್ ಲೋಕದಲ್ಲಿ, ಹೆಸರು ಮಾಡಿದಾಗ, ಅವರನ್ನು ಕಪ್ಪುವರ್ಣೀಯರೆಂದೇ ತಿಳಿದ ಕೇಳುಗರು ಅನೇಕರಿದ್ದರು. ಅವರು ಹುಟ್ಟಿದ್ದು ಬಿಳಿಯ ಕುಟುಂಬದಲ್ಲಿ. ಆಲ್ಬಿನಿಸಂ ಎಂಬ ಹುಟ್ಟು ಸ್ಥಿತಿಯಿಂದಾಗಿ ಚರ್ಮಕ್ಕೂ ಕೂದಲಿಗೂ ಬಣ್ಣವಿಲ್ಲ, ದೃಷ್ಟಿಯೂ ಮಂದ. ಅದೇ ಊರಿನ ಅಟ್ಮಾಸ್ಫಿಯರ್ ತಂಡದ ಸ್ಲಗ್ ಅವರದು ತದ್ವಿರುದ್ಧ ಅನುಭವ: ತಂದೆ ಕಪ್ಪು ಮತ್ತು ಮೂಲನಿವಾಸಿ ಹಿನ್ನೆಲೆಯವರಾದರೂ ಜನ ಅವರನ್ನು ಬಿಳಿಯರ ಸಾಲಿಗೇ ಸೇರಿಸಿದರು.

ಈ ಗೊಂದಲಕ್ಕೆ ಹಳೆಯ ಬೇರುಗಳಿವೆ. 1973ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಹಿಪ್ ಹಾಪ್‌ಗೆ ನಾಂದಿ ಹಾಡಿದ ಡಿಜೆ ಕೂಲ್ ಹರ್ಕ್ ಜಮೈಕಾದಲ್ಲಿ ಹುಟ್ಟಿದವರು. ಕೋಲ್ಡ್ ಕ್ರಷ್ ಬ್ರದರ್ಸ್ ತಂಡದ ಡಿಜೆ ಚಾರ್ಲಿ ಚೇಸ್ ಪೋರ್ಟೊರಿಕೊ ಮೂಲದವರು. ಆದರೆ ಆಗ ಹಾಡುವವರೂ ಕೇಳುವವರೂ ಒಂದೇ ಕೇರಿಯವರಾಗಿದ್ದರು. ಲಾಸ್ ಏಂಜಲೀಸ್‌ನ ದಕ್ಷಿಣ ಭಾಗದ ಕಪ್ಪು ಜನವಸತಿಯಲ್ಲಿದ್ದ ಗುಡ್ ಲೈಫ್ ಕೆಫೆಯಲ್ಲಿ 1989ರ ಕೊನೆಗೆ ಆರಂಭವಾದ ಓಪನ್ ಮೈಕ್‌ನಲ್ಲಿ, ಅಂದರೆ ಯಾರು ಬೇಕಾದರೂ ಬಂದು ಹಾಡಬಹುದಾದ ಕೂಟದಲ್ಲಿ, ಬೈಗುಳಕ್ಕೆ ಅವಕಾಶವಿರಲಿಲ್ಲ. ಹಾಡು ಸಪ್ಪೆಯಾದರೆ, ದಯವಿಟ್ಟು ಮೈಕನ್ನು ಮುಂದಿನವರಿಗೆ ಕೊಡಿ ಎಂದು ಸಭೆಯೇ ಕೂಗುತ್ತಿತ್ತು. ಫ್ರೀಸ್ಟೈಲ್ ಫೆಲೋಶಿಪ್ ಎಂಬ ರ್‍ಯಾಪ್ ತಂಡ ಪಳಗಿದ್ದು ಇಂಥ ನಿಷ್ಠುರ ಸಭೆಯ ಮುಂದೆ.

ಅಮೆರಿಕದ 1996ರ ದೂರಸಂಪರ್ಕ ಕಾಯ್ದೆ ಒಂದೇ ಕಂಪನಿ ದೇಶದಲ್ಲಿ ಎಷ್ಟು ರೇಡಿಯೊ ಕೇಂದ್ರಗಳನ್ನಾದರೂ ಹೊಂದಬಹುದೆಂದು ಮಿತಿಯನ್ನು ತೆಗೆದುಹಾಕಿತು. ದೊಡ್ಡ ಕೇಂದ್ರಗಳು ಒಂದೇ ಬಗೆಯ ಹಾಡುಗಳಿಗೆ ಅಂಟಿಕೊಂಡಾಗ, ಉಳಿದವರಿಗೆ ಸಣ್ಣ ಸಂಸ್ಥೆಗಳು, ಕಾಲೇಜು ರೇಡಿಯೊ ಮತ್ತು ಇಂಟರ್ನೆಟ್ ಆಸರೆಯಾದವು. ಆ ದಾರಿಯಲ್ಲಿ ಬಂದ ಕೇಳುಗರಲ್ಲಿ ಬಿಳಿಯ ವಿದ್ಯಾರ್ಥಿಗಳೇ ಹೆಚ್ಚು. ರ್‍ಯಾಪರ್‌ಗಳಾದ ಮೋಸ್ ಡೆಫ್ ಮತ್ತು ತಾಲಿಬ್ ಕ್ವೇಲಿ 1998ರಲ್ಲಿ ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವಿಯವರ ಹಡಗು ಕಂಪನಿಯ ಹೆಸರನ್ನೇ ಇಟ್ಟುಕೊಂಡು, ಬ್ಲ್ಯಾಕ್ ಸ್ಟಾರ್ ಎಂಬ ಜೋಡಿಯಾಗಿ ಅದೇ ಹೆಸರಿನ ಆಲ್ಬಮ್ ತಂದರು. ಕಪ್ಪು ಸ್ವಾಭಿಮಾನವನ್ನು ಹಾಡಿದ ಆ ಆಲ್ಬಮ್ಮಿಗೂ ಸಭಾಂಗಣಗಳಲ್ಲಿ ಬಿಳಿಯ ಮುಖಗಳೇ ಎದುರಾಗತೊಡಗಿದವು. ಹಾಡುವವರ ಬಣ್ಣಕ್ಕಿಂತ, ತೀರ್ಪು ಹೇಳುವವರು ಬದಲಾದದ್ದೇ ದೊಡ್ಡ ಪಲ್ಲಟವೆಂದು ನಾನು ನಂಬುತ್ತೇನೆ, ಏಕೆಂದರೆ ಯಾರನ್ನು ಬುದ್ಧಿವಂತ ಕವಿಯೆಂದು ಕೊಂಡಾಡಬೇಕು, ಯಾರನ್ನು ಬರೀ ಗದ್ದಲವೆಂದು ತಳ್ಳಿಹಾಕಬೇಕು ಎಂಬುದು ಆ ಕೇರಿಯ ಕೈಯಲ್ಲಿ ಉಳಿಯಲಿಲ್ಲ.

ಬ್ರದರ್ ಅಲಿಗೆ ಇದು ಚೆನ್ನಾಗಿ ಗೊತ್ತಿತ್ತು. 2007ರ ಆಲ್ಬಮ್ಮಿನ ಹಾಡೊಂದರಲ್ಲಿ ಅವರು ಜನಾಂಗವೆಂಬುದು ಮನುಷ್ಯ ಕಟ್ಟಿದ ಕಲ್ಪನೆ ಎನ್ನುತ್ತಾರೆ; ಬದುಕುವುದನ್ನು ತನಗೆ ಕಲಿಸಿದವರು ಕಪ್ಪು ಗಂಡಸರು ಎಂದು ನೆನೆಯುತ್ತಾರೆ. ತನ್ನನ್ನು ಹೊಗಳುವ ಬಿಳಿಯ ಅಭಿಮಾನಿಗಳಿಗೆ ಅವರು ಮುಖಕ್ಕೆ ಹೇಳುವ ಮಾತು ಇದು: ನಾನು ಶ್ರೇಷ್ಠವೆಂದು ಬಲ್ಲದ್ದಕ್ಕೆ ನೀವು ಬೆಲೆ ಕೊಡುವುದಿಲ್ಲ, ನನ್ನನ್ನು ರೂಪಿಸಿದವರೂ ನೀವಲ್ಲ, ಹಾಗಾಗಿ ನನ್ನನ್ನು ನಿಮ್ಮವನೆಂದು ಹಕ್ಕು ಸಾಧಿಸಬೇಡಿ.