ದೂರದರ್ಶಕ ಎಷ್ಟೇ ದೊಡ್ಡದಿದ್ದರೂ ಕಾಣದ್ದು: ವಿಶ್ವದ ಗಡಿಯ ಬಗ್ಗೆ ಒಂದು ಟಿಪ್ಪಣಿ

ದೂರದರ್ಶಕ ದೊಡ್ಡದಾದಷ್ಟೂ ವಿಶ್ವ ಜಾಸ್ತಿ ಕಾಣುತ್ತದೆ ಎಂದು ನಮ್ಮಲ್ಲಿ ಹಲವರು ಅಂದುಕೊಂಡಿರುತ್ತಾರೆ. ಒಂದು ಹಂತದವರೆಗೆ ಅದು ನಿಜ. ಆಮೇಲೆ ಕನ್ನಡಿಯ ಅಳತೆ ಏನೇ ಇರಲಿ, ಮುಂದಕ್ಕೆ ಕಾಣುವುದಿಲ್ಲ.

ಮೊದಲು ಬರಿಗಣ್ಣಿನಿಂದಲೇ ನೋಡೋಣ. ಕೊಡಗಿನ ಮಳೆಗಾಲದಲ್ಲಿ ನಕ್ಷತ್ರದ ಆಸೆ ಬಿಡಬೇಕು. ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಹುತ್ತರಿಯ ಹೊತ್ತಿಗೆ ಆಕಾಶ ತಿಳಿಯಾಗುತ್ತದೆ. ಆದರೆ ಆಗ ತುಂಬು ಚಂದ್ರ ರೋಹಿಣಿ ನಕ್ಷತ್ರದ ಹತ್ತಿರ ಬೆಳಗುತ್ತಿರುತ್ತಾನೆ, ಮಸುಕಾದದ್ದೇನೂ ಕಾಣುವುದಿಲ್ಲ. ಒಂದು ವಾರ ಕಳೆಯಲಿ, ಚಂದ್ರ ತಡವಾಗಿ ಹುಟ್ಟುವ ದಿನಗಳು ಬರಲಿ. ರಾತ್ರಿ ಎಂಟರ ಸುಮಾರಿಗೆ ಮರ ಅಡ್ಡ ಬರದ ಕಾಫಿ ಕಣದಲ್ಲಿ ನಿಂತು ಉತ್ತರಕ್ಕೆ ಮುಖ ಮಾಡಿ. ಐದು ನಕ್ಷತ್ರಗಳು ಇಂಗ್ಲಿಷಿನ ‘ಎಂ’ ಅಕ್ಷರದ ಹಾಗೆ ನಿಂತಿರುತ್ತವೆ. ಅದು ಕ್ಯಾಸಿಯೋಪಿಯ. ಅದರ ಮೇಲೆ, ನೆತ್ತಿಯ ಕಡೆಗೆ, ಒಂದು ಮಸುಕು ಬೆಳಕು ಕಂಡರೆ ಅದೇ ಆಂಡ್ರೊಮಿಡಾ ಗ್ಯಾಲಕ್ಸಿ. ಆ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷವಾಯಿತು. ದೂರಕ್ಕೆ ನೋಡುವುದೆಂದರೆ ಹಿಂದಿನ ಕಾಲವನ್ನು ನೋಡುವುದೇ.

ವಿಶ್ವಕ್ಕೆ ಈಗ ಸುಮಾರು 1380 ಕೋಟಿ ವರ್ಷ. ಬೆಳಕಿಗೆ ಸಿಕ್ಕ ಸಮಯವೂ ಅಷ್ಟೇ. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ. ಹಾಗಾದರೆ ಕಾಣುವ ವಿಶ್ವದ ಗಡಿ 1380 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರಬೇಕು, ಅಲ್ವಾ? ಎಲ್ಲರೂ ಎಡವುವುದು ಇಲ್ಲೇ. ಬೆಳಕು ದಾರಿಯಲ್ಲಿದ್ದಾಗ ಆ ದಾರಿಯೇ ಹಿಗ್ಗುತ್ತಿತ್ತು. ನಮಗೆ ತಲುಪುವ ಅತಿ ಹಳೆಯ ಬೆಳಕು ಹೊರಟಾಗ ಅದರ ಜಾಗ ನಮ್ಮಿಂದ ಬರೀ 4.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿತ್ತು. ಅದೇ ಜಾಗ ಇವತ್ತು ಸುಮಾರು 4600 ಕೋಟಿ ಜ್ಯೋತಿರ್ವರ್ಷ ದೂರ ಸರಿದಿದೆ. ಈ ಮೂರು ಸಂಖ್ಯೆಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಒಂದು ಸಮಯ, ಒಂದು ಆಗಿನ ದೂರ, ಒಂದು ಈಗಿನ ದೂರ ಎಂದು ಬಿಡಿಸಿಕೊಂಡರೆ ಗೊಂದಲವೇ ಇರುವುದಿಲ್ಲ. ಇನ್ನೊಂದು ಮಾತು: ಈ ಗಡಿ ವಿಶ್ವದ ಕೊನೆಯಲ್ಲ. ನಾವು ಇಲ್ಲಿರುವುದರಿಂದ ನಮಗೆ ಸಿಕ್ಕಿರುವ ಗಡಿ ಅಷ್ಟೇ.

ಆ ಅತಿ ಹಳೆಯ ಬೆಳಕಿಗಿಂತ ಹಿಂದಿನದು ಯಾಕೆ ಕಾಣುವುದಿಲ್ಲ? ಜುಲೈಯಲ್ಲಿ ಮಡಿಕೇರಿಯ ರಾಜಾಸೀಟಿಗೆ ಹೋದರೆ ಎದುರಿನ ಬೆಟ್ಟಗಳ ಬದಲು ಬಿಳಿ ಮಂಜೇ ಕಾಣುತ್ತದೆ. ಬೆಳಕು ಹನಿಹನಿಗೂ ತಾಗಿ ಚದುರುತ್ತದೆ. ಮೊದಲ 3.8 ಲಕ್ಷ ವರ್ಷ ವಿಶ್ವವೂ ಹೀಗೇ ಇತ್ತು. ಹನಿಗಳ ಜಾಗದಲ್ಲಿ ಬಿಡಿ ಎಲೆಕ್ಟ್ರಾನುಗಳಿದ್ದವು. ಬಿಸಿ ಸುಮಾರು 3000 ಕೆಲ್ವಿನ್‌ಗೆ ಇಳಿದಾಗ ಅವು ಪರಮಾಣುಗಳಲ್ಲಿ ಸೇರಿಕೊಂಡವು, ಬೆಳಕಿಗೆ ದಾರಿ ತೆರೆಯಿತು. ಆಮೇಲೆ ವಿಶ್ವ ಸುಮಾರು 1100 ಪಟ್ಟು ಹಿಗ್ಗಿದೆ. ಹಿಗ್ಗಿದಷ್ಟೂ ಆ ಬೆಳಕಿನ ಬಿಸಿ ಇಳಿಯುತ್ತದೆ. 3000ವನ್ನು 1100ರಿಂದ ಭಾಗಿಸಿ ನೋಡಿ, 2.7 ಬರುತ್ತದೆ. ಆ ಹಳೆಯ ಬೆಳಕಿನ ಇವತ್ತಿನ ಬಿಸಿ ಅಷ್ಟೇ, ಸುಮಾರು 2.7 ಕೆಲ್ವಿನ್. ಅಮೆರಿಕದ ವಿಜ್ಞಾನಿಗಳಾದ ಪೆಂಜಿಯಾಸ್ ಮತ್ತು ವಿಲ್ಸನ್ ತಮ್ಮ ಆಂಟೆನಾದಲ್ಲಿ ಎಲ್ಲ ದಿಕ್ಕಿನಿಂದಲೂ ಬರುತ್ತಿದ್ದ ರೇಡಿಯೊ ಸದ್ದನ್ನು ಹಿಡಿದು 1965ರಲ್ಲಿ ಪ್ರಕಟಿಸಿದ್ದು ಈ ಹಳೆಯ ಬೆಳಕನ್ನೇ. ಇಷ್ಟು ಸರಳ ಲೆಕ್ಕ ವಿಶ್ವದ ಬಾಲ್ಯಕ್ಕೆ ಕೊಂಡೊಯ್ಯುತ್ತದಲ್ಲ, ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು.

2021ರಲ್ಲಿ ಹಾರಿಸಿದ ಜೇಮ್ಸ್ ವೆಬ್ ದೂರದರ್ಶಕ, ವಿಶ್ವಕ್ಕೆ 30 ಕೋಟಿ ವರ್ಷವೂ ತುಂಬದಿದ್ದಾಗಿನ ಗ್ಯಾಲಕ್ಸಿಗಳನ್ನು ಕಂಡಿದೆ. ಆದರೆ ವಿಶ್ವಕ್ಕೆ 3.8 ಲಕ್ಷ ವರ್ಷ ತುಂಬುವುದಕ್ಕಿಂತ ಹಿಂದಕ್ಕೆ ಯಾವ ಬೆಳಕೂ ಕರೆದೊಯ್ಯುವುದಿಲ್ಲ. ಗುರುತ್ವ ಅಲೆಗಳನ್ನು, ಅಂದರೆ ದೇಶ-ಕಾಲದಲ್ಲೇ ಏಳುವ ಅಲೆಗಳನ್ನು, ಎಲೆಕ್ಟ್ರಾನುಗಳು ಚದುರಿಸುವುದಿಲ್ಲ. 2015ರಲ್ಲಿ ಅಮೆರಿಕದ ಲೈಗೋ ವೀಕ್ಷಣಾಲಯ ಅಂಥ ಅಲೆಯನ್ನು ಮೊದಲ ಬಾರಿಗೆ ಹಿಡಿಯಿತು. ಅದು ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದ ಅಲೆ. ವಿಶ್ವ ಹುಟ್ಟಿದ ಹೊತ್ತಿನ ಅಲೆಗಳು ಇನ್ನೂ ಯಾರ ಕೈಗೂ ಸಿಕ್ಕಿಲ್ಲ, ಹುಡುಕಾಟ ನಡೆದಿದೆ.