ಗದ್ದೆ ಮಣ್ಣು ಕುಣಿಯುವ ಲೆಕ್ಕ

2021ರ ಜನವರಿ 21, ರಾತ್ರಿ ಹತ್ತು ಗಂಟೆ ದಾಟಿತ್ತು. ಶಿವಮೊಗ್ಗದಲ್ಲಿ ಕಿಟಕಿ, ಬಾಗಿಲು ಗಡಗಡ ಅಂದವು, ಭೂಕಂಪ ಅಂತ ಜನ ರಸ್ತೆಗೆ ಓಡಿ ಬಂದರು. ಆಮೇಲೆ ಗೊತ್ತಾಯಿತು, ಸಿಡಿದದ್ದು ಹುಣಸೋಡಿನ ಕ್ವಾರಿ ಹತ್ತಿರ ಇದ್ದ ಸ್ಫೋಟಕ. ಮರುದಿನದ ಮಾತೆಲ್ಲ ಒಂದೇ: ನಿಜವಾದ ಭೂಕಂಪವೇ ಬಂದಿದ್ದರೆ ಯಾರ ಮನೆ ಜಾಸ್ತಿ ಅಲ್ಲಾಡುತ್ತಿತ್ತು, ಗುಡ್ಡದ ಮೇಲಿನದೋ ಗದ್ದೆ ಬಯಲಿನದೋ?

ಗದ್ದೆಯದು ಅಂತ ಯಾರಾದರೂ ಹೇಳುತ್ತಾರೆ. ಬಹುಪಾಲು ಸರಿಯೇ. ಆದರೆ ಎಷ್ಟು ಜಾಸ್ತಿ ಅಂತ ಕೇಳಿದರೆ ಉತ್ತರ ಭೂಕಂಪದ ಮೇಲೆ ಮಾತ್ರ ನಿಂತಿಲ್ಲ, ಲೆಕ್ಕ ಹಾಕುವವರು ಮಣ್ಣಿನ ಸ್ವಭಾವ ಹೇಗಿದೆ ಅಂದುಕೊಂಡಿದ್ದಾರೆ ಅನ್ನುವುದರ ಮೇಲೂ ನಿಂತಿದೆ.

ಅಡಿಕೆ ಕೊಯ್ಲಿನಲ್ಲಿ ಕೊನೆಗೌಡನನ್ನು ನೋಡಿದ್ದೀರಲ್ವಾ? ಮರದ ತುದಿಯಲ್ಲಿ ಕೂತು, ಮೈ ತೂಗಿ ತೂಗಿ ಮರವನ್ನೇ ಓಲಾಡಿಸಿ, ಪಕ್ಕದ ಮರ ಕೈಗೆ ಸಿಕ್ಕಿದ ಕೂಡಲೇ ದಾಟಿಬಿಡುತ್ತಾನೆ. ಅವನು ಬಲ ಹಾಕಿ ಬಗ್ಗಿಸೋದಲ್ಲ. ಮರದ ಲಯ ಹಿಡಿದು ಅದಕ್ಕೆ ಮೈ ಕೊಡುತ್ತಾನೆ, ಅಷ್ಟೆ. ಗಿಡ್ಡ ಮರ ಬೇಗ ಬೇಗ ಓಲಾಡುತ್ತದೆ, ಎತ್ತರದ್ದು ನಿಧಾನ.

ಬಂಡೆಯ ಮೇಲೆ ಕೂತ ಮಣ್ಣಿನ ಪದರಕ್ಕೂ ಹೀಗೆ ಒಂದು ಲಯ ಇದೆ, ಅಂದರೆ ಒಂದು ಸಲ ಓಲಾಡಿ ಬರಲು ಹಿಡಿಯುವ ಸಮಯ. ಮಣ್ಣಿನ ಆಳವನ್ನು ನಾಲ್ಕರಿಂದ ಗುಣಿಸಿ, ಅಡ್ಡ ಅಲುಗಾಟದ ಅಲೆ ಆ ಮಣ್ಣಿನಲ್ಲಿ ಓಡುವ ವೇಗದಿಂದ ಭಾಗಿಸಿದರೆ ಸಿಕ್ಕಿತು. ಗದ್ದೆ ಮಣ್ಣು 10 ಮೀಟರ್ ಆಳ, ವೇಗ ಸೆಕೆಂಡಿಗೆ 150 ಮೀಟರ್ ಅಂದುಕೊಳ್ಳಿ. ಕಾಲು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಎರಡು ಮೂರು ಮಹಡಿಯ ಕಟ್ಟಡದ ಲಯವೂ ಸುಮಾರು ಅಷ್ಟೇ!

ಲಯ ಕೂಡಿಬಂದರೆ ಏನಾಗುತ್ತದೆ ಅಂತ ಮೆಕ್ಸಿಕೋ ಸಿಟಿ ನೋಡಿದೆ. 1985ರ ಸೆಪ್ಟೆಂಬರ್ 19ರ ಭೂಕಂಪದ ಕೇಂದ್ರ ಅಲ್ಲಿಂದ 350 ಕಿಲೋಮೀಟರಿಗೂ ಹೆಚ್ಚು ದೂರ. ನಮ್ಮ ರಸ್ತೆ ಲೆಕ್ಕದಲ್ಲಿ ಶಿವಮೊಗ್ಗದಿಂದ ಬೆಂಗಳೂರು ದಾಟಿ ಕೋಲಾರದಷ್ಟು. ನಗರದ ಒಂದು ಭಾಗ ಹಳೇ ಕೆರೆಯ ಜೇಡಿಮಣ್ಣಿನ ಮೇಲೆ ಕೂತಿತ್ತು. ಪಕ್ಕದ ಗಟ್ಟಿ ನೆಲಕ್ಕಿಂತ ಅಲ್ಲಿ ಅಲುಗಾಟದ ತೀವ್ರತೆ ಸುಮಾರು ಐದು ಪಟ್ಟು. ಮಣ್ಣಿನ ಲಯ ಎರಡು ಸೆಕೆಂಡ್. ಅದಕ್ಕೆ ಹೊಂದುವ ಮಧ್ಯಮ ಎತ್ತರದ ಕಟ್ಟಡಗಳೇ ಹೆಚ್ಚು ಬಿದ್ದವು.

ಹಾಗಾದರೆ ಮೆತ್ತನೆ ಮಣ್ಣು ಅಂದರೆ ಯಾವಾಗಲೂ ಐದು ಪಟ್ಟೇ? ಇಲ್ಲಿ ವಿಷಯ ತಿರುಗುತ್ತದೆ. ಮಣ್ಣನ್ನು ಸುಮ್ನೆ ಸ್ಪ್ರಿಂಗ್ ಅಂದುಕೊಂಡರೆ ಬಲ ಎರಡರಷ್ಟಾದರೆ ಅಲುಗಾಟವೂ ಎರಡರಷ್ಟು. ನಿಜವಾದ ಮಣ್ಣು ಹಾಗಲ್ಲ. ಜೋರಾಗಿ ಅಲುಗಿಸಿದಷ್ಟೂ ಸಡಿಲವಾಗುತ್ತದೆ, ಕಣಕ್ಕೆ ಕಣ ಉಜ್ಜಿಕೊಂಡು ಬಂದ ಶಕ್ತಿಯನ್ನು ತಾನೇ ತಿಂದುಬಿಡುತ್ತದೆ. 1994ರಲ್ಲಿ ಅಮೆರಿಕದ ನಾರ್ತ್‌ರಿಜ್‌ನಲ್ಲಿ ಇದು ಚೆನ್ನಾಗಿ ಕಂಡಿತು: ದೊಡ್ಡ ಕಂಪನವನ್ನು ಮಣ್ಣು ಹಿಗ್ಗಿಸಿದ ಪ್ರಮಾಣಕ್ಕಿಂತ, ನಂತರ ಬಂದ ಸಣ್ಣ ಕಂಪನಗಳನ್ನು ಹಿಗ್ಗಿಸಿದ ಪ್ರಮಾಣವೇ ಜಾಸ್ತಿ.

1972ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ತಯಾರಾದ ‘ಶೇಕ್’ ಎಂಬ ಕಂಪ್ಯೂಟರ್ ಪ್ರೋಗ್ರಾಂ ಇದಕ್ಕೊಂದು ಜಾಣ ದಾರಿ ಹಿಡಿಯಿತು. ಮೊದಲು ಮಣ್ಣಿನ ಗಟ್ಟಿತನ ಊಹಿಸಿ ಲೆಕ್ಕ ಹಾಕು, ಮಣ್ಣು ಅತಿ ಹೆಚ್ಚು ಎಷ್ಟು ವಾಲಿತು ನೋಡು, ಅದರ ಸುಮಾರು 65 ಶೇಕಡಾ ತೆಗೆದುಕೊ, ಅಷ್ಟು ವಾಲಿದ ಮಣ್ಣು ಎಷ್ಟು ಸಡಿಲ ಅಂತ, ವಾಲಿದಷ್ಟೂ ಸಡಿಲವಾಗುವುದನ್ನು ತೋರಿಸುವ ಗೆರೆ, ಅಂದರೆ ಕರ್ವ್‌ನಲ್ಲಿ ಓದಿ, ಉತ್ತರ ಸ್ಥಿರವಾಗುವ ತನಕ ಮತ್ತೆ ಮತ್ತೆ ಲೆಕ್ಕ ಹಾಕು. ಇವತ್ತಿಗೂ ಇದೇ ವಿಧಾನ ಧಾರಾಳವಾಗಿ ನಡೆಯುತ್ತದೆ, ಸಾಧಾರಣ ಅಲುಗಾಟಕ್ಕೆ ಸಾಕು ಕೂಡ. ಆದರೆ ಭೂಕಂಪದ ಮೊದಲ ಸೆಕೆಂಡಿಗೂ ಕೊನೆಯದಕ್ಕೂ ಒಂದೇ ಸಡಿಲ ಮಣ್ಣು ಅಂತ ಲೆಕ್ಕ. ನನಗಿದು ಮಳೆಗಾಲದ ಸರಾಸರಿ ನೋಡಿ ಪ್ರತಿದಿನ ಕೊಡೆ ಹಿಡಿದ ಹಾಗೆ ಕಾಣುತ್ತದೆ. ಜೋರು ಅಲುಗಾಟದಲ್ಲಿ ಚುರುಕಾದ ಸಣ್ಣ ಕಂಪನಗಳನ್ನು ಅದು ಅಗತ್ಯಕ್ಕಿಂತ ಜಾಸ್ತಿ ನುಂಗಿಹಾಕುತ್ತದೆ.

ಇನ್ನೊಂದು ವಿಧಾನ ಕ್ಷಣ ಕ್ಷಣಕ್ಕೂ ಮಣ್ಣಿನ ಹಿಂದೆಯೇ ಹೋಗುತ್ತದೆ. ಒದ್ದೆ ಮರಳಿನೊಳಗೆ ನೀರಿನ ಒತ್ತಡ ಏರಿ ನೆಲವೇ ಗಂಜಿಯಾಗುವುದನ್ನು ಹಿಂಬಾಲಿಸಬೇಕಾದರೆ ಇದೇ ಬೇಕು. ಆದರೆ ಇದು ಕೇಳುವ ಸಂಖ್ಯೆಗಳು ಜಾಸ್ತಿ, ತಪ್ಪು ಕೊಟ್ಟರೆ ತಪ್ಪನ್ನೇ ಚಂದದ ಗ್ರಾಫ್ ಮಾಡಿ ಕೊಡುತ್ತದೆ.

ಕರ್ವ್‌ನದೇ ದೊಡ್ಡ ಜಗಳ. ಒಂದೊಂದು ಮಣ್ಣಿಗೆ ಒಂದೊಂದು ಕರ್ವ್. ಮರಳು ಬೇಗ ಸಡಿಲವಾಗಿ ಸೋಲುತ್ತದೆ. ಜಿಗುಟು ಮಣ್ಣು ಸೋಲುವುದು ನಿಧಾನ. ಮೆಕ್ಸಿಕೋದ ಮಣ್ಣು ವಿಪರೀತ ಜಿಗುಟು, ಹಾಗಾಗಿ ಅಷ್ಟು ಅಲುಗಿದರೂ ಸ್ಪ್ರಿಂಗ್‌ನಂತೆಯೇ ಉಳಿಯಿತು, ಶಕ್ತಿ ಹೆಚ್ಚು ತಿನ್ನಲಿಲ್ಲ.

ಸಾಗರದ ಹತ್ತಿರ ಗದ್ದೆ ಮುಚ್ಚಿದ ಜಾಗದಲ್ಲಿ ನಮ್ಮ ಭಾವ ನಾಲ್ಕು ಮಹಡಿಯ ಕಾಂಪ್ಲೆಕ್ಸ್ ಕಟ್ಟಲು ಹೊರಟಾಗ ಮಣ್ಣು ಪರೀಕ್ಷೆಗೆ ನಾನೂ ಹೋಗಿದ್ದೆ. 63.5 ಕಿಲೋ ಸುತ್ತಿಗೆ 75 ಸೆಂಟಿಮೀಟರ್ ಮೇಲಿಂದ ಧಡ್ ಧಡ್ ಅಂತ ಬೀಳುತ್ತಿತ್ತು, ಒಬ್ಬ ಹುಡುಗ ಪೆಟ್ಟು ಎಣಿಸುತ್ತಿದ್ದ. ಮೇಲೆ ಗೊಚ್ಚು, ಅದರಡಿ ಕಪ್ಪು ಗದ್ದೆ ಮಣ್ಣು. ಭಾವ ಒಂದು ಚೂರು ತೆಗೆದು ಅಂಗೈಯಲ್ಲಿ ಹೊಸೆದರು. ಬತ್ತಿಯಂತೆ ಉದ್ದಕ್ಕೆ ಬಂತು, ತುಂಡಾಗಲಿಲ್ಲ. ಲ್ಯಾಬಿನಲ್ಲೂ ಇದನ್ನೇ ಮಾಡುತ್ತಾರೆ, 3 ಮಿಲಿಮೀಟರ್ ದಪ್ಪದ ಎಳೆ ಹೊಸೆದು ಯಾವ ತೇವಕ್ಕೆ ಬಿರುಕು ಬಿಡುತ್ತದೆ ಅಂತ ನೋಡುತ್ತಾರೆ. ತಿಂಗಳಾದ ಮೇಲೆ ವರದಿ ಬಂತು. ಹಿಗ್ಗುವಿಕೆ ಎಷ್ಟು ಪಟ್ಟು ಅಂತ ಎರಡು ದಶಾಂಶದವರೆಗೆ ಬರೆದಿದ್ದರು.

‘ಕರ್ವ್ ಯಾವುದು ಹಾಕಿದ್ರಿ?’ ಅಂತ ಫೋನ್ ಮಾಡಿ ಕೇಳಿದೆ.

‘ಸಾಫ್ಟ್‌ವೇರಲ್ಲೇ ಇರುತ್ತೆ ಸಾರ್.’

ಜಿಗುಟಿನ ಅಳತೆ ಕೊನೆಯ ಪುಟದಲ್ಲಿ ಸರಿಯಾಗಿಯೇ ಇತ್ತು. ಲೆಕ್ಕದಲ್ಲಿ ಹಾಕಿದ್ದು ಮಾತ್ರ ಮರಳಿನ ಕರ್ವ್.