ಪಕ್ಕದ ಬಡಾವಣೆಯಲ್ಲಿ ಬಿಸಿಲು, ನಮ್ಮ ಬಾಗಿಲಲ್ಲಿ ಐದಡಿ ಹಿಮ

2014ರ ನವೆಂಬರ್ 17ರ ರಾತ್ರಿ ಈರಿ ಸರೋವರದ ಮೇಲಿಂದ ಎದ್ದ ಹಿಮಪಟ್ಟಿಯೊಂದು ನ್ಯೂಯಾರ್ಕ್ ರಾಜ್ಯದ ಪಶ್ಚಿಮ ತುದಿಯಲ್ಲಿರುವ ಬಫಲೋ ನಗರದ ದಕ್ಷಿಣ ಭಾಗದ ಮೇಲೆ ಬಂದು ನಿಂತಿತು. ಎರಡು ದಿನ ಕಳೆಯುವಷ್ಟರಲ್ಲಿ ವೆಸ್ಟ್ ಸೆನೆಕಾ, ಲ್ಯಾಂಕಾಸ್ಟರ್‌ನಂತಹ ಊರುಗಳಲ್ಲಿ ಐದಡಿ ಹಿಮ ಬಿದ್ದಿತ್ತು. ಅಲ್ಲಿಂದ ಕೆಲವೇ ಕಿಲೋಮೀಟರ್ ಉತ್ತರಕ್ಕಿದ್ದ ಬಡಾವಣೆಗಳಲ್ಲಿ ಬಿದ್ದದ್ದು ಕೆಲವು ಅಂಗುಲ ಮಾತ್ರ. ಉತ್ತರದವರಿಗೆ ತಲೆಯ ಮೇಲೆ ನೀಲಿ ಆಕಾಶ, ದಕ್ಷಿಣದ ದಿಗಂತದಲ್ಲಿ ನೆಲದಿಂದ ಮೋಡದವರೆಗೆ ಎದ್ದ ಬಿಳಿ ಗೋಡೆ. ಆ ಗೋಡೆಯೊಳಗೆ ಹೆದ್ದಾರಿಯಲ್ಲಿ ನೂರಕ್ಕೂ ಹೆಚ್ಚು ವಾಹನಗಳು ಹೂತು ನಿಂತಿದ್ದವು. ನಯಾಗರಾ ವಿಶ್ವವಿದ್ಯಾಲಯದ ಮಹಿಳಾ ಬಾಸ್ಕೆಟ್‌ಬಾಲ್ ತಂಡ ತನ್ನ ಬಸ್ಸಿನಲ್ಲೇ ಒಂದು ಹಗಲು ಒಂದು ರಾತ್ರಿಗಿಂತ ಹೆಚ್ಚು ಹೊತ್ತು ಸಿಕ್ಕಿಬಿದ್ದಿತ್ತು.

ಈ ಭಾಗದಲ್ಲಿ ತುರ್ತು ಚಿಕಿತ್ಸಾ ವೈದ್ಯೆಯಾಗಿ ಕೆಲಸ ಮಾಡುವ ನಾನು ಹಿಮದ ಬಗ್ಗೆ ಬರೆಯುವುದಕ್ಕೆ ಕಾರಣವಿದೆ. ಬಿರುಗಾಳಿಯ ದಿನಗಳಲ್ಲಿ ನಮ್ಮಲ್ಲಿಗೆ ಬರುವವರಲ್ಲಿ ಬರಿಯ ಚಳಿಗೆ ಸಿಕ್ಕವರಿಗಿಂತ, ತಮ್ಮ ಕಿಟಕಿಯಾಚೆಯ ಆಕಾಶವನ್ನಷ್ಟೇ ನಂಬಿ ಹೊರಟವರು, ನಿಂತ ಕಾರಿನಲ್ಲಿ ಎಂಜಿನ್ ಓಡಿಸುತ್ತ ಕುಳಿತವರು, ಹಿಮ ನಿಂತ ಕೂಡಲೇ ಅವಸರದಿಂದ ಸಲಿಕೆ ಹಿಡಿದವರು ಹೆಚ್ಚು. ಹಿಮಪಾತವನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಆದರೆ ಈ ಮೂರೂ ತಿಳಿವಳಿಕೆಯಿಂದ ತಪ್ಪಿಸಬಹುದಾದ ಅಪಾಯಗಳು. ಬಫಲೋ ವಿಶ್ವವಿದ್ಯಾಲಯಕ್ಕೆ ಓದಲು ಬರುವ, ರೋಚೆಸ್ಟರ್‌ನಿಂದ ಟೊರಾಂಟೋವರೆಗೆ ಕೆಲಸದ ಮೇಲೆ ಬಂದು ನೆಲೆಸುವ ಕನ್ನಡಿಗರಿಗೆ ಈ ತಿಳಿವಳಿಕೆ ಹುಟ್ಟಿನಿಂದ ಬಂದಿರುವುದಿಲ್ಲವಾದ್ದರಿಂದ ಯಾರಾದರೂ ಹೇಳಲೇಬೇಕಾಗುತ್ತದೆ.

ಇಲ್ಲಿಯವರು ಲೇಕ್ ಎಫೆಕ್ಟ್ ಎಂದು ಕರೆಯುವ ಈ ಹಿಮಪಾತದ ಹುಟ್ಟು ಸರಳವಾದದ್ದು. ಬೇಸಿಗೆಯಿಡೀ ಕಾದ ಸರೋವರದ ನೀರು ನವೆಂಬರ್‌ನಲ್ಲಿ ಇನ್ನೂ ಬೆಚ್ಚಗಿರುವಾಗ ಕೆನಡಾದ ಕಡೆಯಿಂದ ಬರುವ ಕೊರೆಯುವ ಗಾಳಿ ಅದರ ಮೇಲೆ ಹಾದುಹೋಗುತ್ತದೆ. ನೀರಿಗೂ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿಗೂ ನಡುವೆ 13 ಡಿಗ್ರಿ ಸೆಲ್ಸಿಯಸ್‌ನಷ್ಟು ಅಂತರವಿದ್ದರೆ ಕೆಳಗಿನ ಗಾಳಿ ಬಿಸಿಯನ್ನೂ ತೇವವನ್ನೂ ಹೊತ್ತು ವೇಗವಾಗಿ ಮೇಲೇರಿ, ಮೋಡವಾಗಿ, ದಡ ಮುಟ್ಟಿದೊಡನೆ ಹಿಮವಾಗಿ ಸುರಿಯುತ್ತದೆ. ಈರಿ ಸರೋವರ ಸುಮಾರು 390 ಕಿಲೋಮೀಟರ್ ಉದ್ದವಿದ್ದು ನೈಋತ್ಯದಿಂದ ಈಶಾನ್ಯಕ್ಕೆ ಚಾಚಿಕೊಂಡಿದೆ, ಬಫಲೋ ಅದರ ಈಶಾನ್ಯ ತುದಿಯಲ್ಲಿದೆ. ಗಾಳಿ ಸರೋವರದ ಉದ್ದಕ್ಕೇ ಬೀಸಿದಾಗ ಅಷ್ಟು ದೂರದ ತೇವವೆಲ್ಲ ಒಂದೇ ಪಟ್ಟಿಯಾಗಿ ಒಟ್ಟಾಗಿ ನಮ್ಮ ಮೇಲೆ ಬರುತ್ತದೆ. ಪಟ್ಟಿಯ ಅಗಲ ಹತ್ತಿಪ್ಪತ್ತು ಕಿಲೋಮೀಟರ್ ಇದ್ದರೂ ಅದರ ನಡುವೆ ಗಂಟೆಗೆ 8ರಿಂದ 12 ಸೆಂಟಿಮೀಟರ್ ಹಿಮ ಬೀಳುವುದುಂಟು, ಒಮ್ಮೊಮ್ಮೆ ಗುಡುಗು ಮಿಂಚುಗಳೂ ಇರುತ್ತವೆ.

ಆಗುಂಬೆಯ ಮಳೆ ಎಲ್ಲಿ ತಗ್ಗುತ್ತದೆ ಎಂಬುದನ್ನು ಘಟ್ಟ ನಿರ್ಧರಿಸುತ್ತದೆ, ಘಟ್ಟ ಇದ್ದಲ್ಲೇ ಇರುತ್ತದೆ, ಆದ್ದರಿಂದ ತೀರ್ಥಹಳ್ಳಿಯವರಿಗೆ ತಮ್ಮ ಮಳೆಯ ಲೆಕ್ಕ ಗೊತ್ತಿರುತ್ತದೆ. ಈ ಹಿಮಪಟ್ಟಿಗೆ ಅಂಥ ಸ್ಥಿರವಾದ ಗಡಿಯಿಲ್ಲ. ಗಾಳಿಯ ದಿಕ್ಕು ಕೆಲವು ಡಿಗ್ರಿ ಹೊರಳಿದರೆ ಸಾಕು, ಇಷ್ಟು ಹೊತ್ತು ಒಂದೂರನ್ನು ಹೂಳುತ್ತಿದ್ದ ಪಟ್ಟಿ ಇನ್ನೊಂದೂರಿಗೆ ಸರಿಯುತ್ತದೆ. ಪಟ್ಟಿ ಏಳುತ್ತದೆ ಎಂಬುದನ್ನು ಬಫಲೋದ ಹವಾಮಾನ ಕಚೇರಿ ಹಲವು ದಿನ ಮೊದಲೇ ಹೇಳಬಲ್ಲದು, ಮತ್ತು ಆ ಮಾತು ಬಹುಮಟ್ಟಿಗೆ ನಿಜವಾಗುತ್ತದೆ. ಅದು ಯಾವ ಬೀದಿಯಿಂದ ಯಾವ ಬೀದಿಯವರೆಗೆ ಎಂಬುದು ಮಾತ್ರ ಕೊನೆಯ ಗಂಟೆಗಳವರೆಗೂ ಅಸ್ಪಷ್ಟವಾಗಿ ಉಳಿಯುತ್ತದೆ. ಆದ್ದರಿಂದ ಫೋನಿನ ಪರದೆಯ ಮೇಲಿನ ಮೋಡದ ಚಿತ್ರವನ್ನು ನೋಡಿ ಸುಮ್ಮನಾಗದೆ, ಎಚ್ಚರಿಕೆಯ ಪೂರ್ಣ ಪಠ್ಯವನ್ನು ಓದಬೇಕೆಂದು ನಾನು ಒತ್ತಾಯಿಸುತ್ತೇನೆ. ಅದರಲ್ಲಿ ಬಫಲೋ ಇರುವ ಈರಿ ಕೌಂಟಿಯನ್ನು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಉತ್ತರ ಈರಿ, ದಕ್ಷಿಣ ಈರಿ ಎಂದು ಬೇರೆ ಬೇರೆಯಾಗಿ ಹೆಸರಿಸಿರುತ್ತಾರೆ, ಪಟ್ಟಿ ಯಾವ ಹೊತ್ತಿಗೆ ಯಾವ ಕಡೆ ಸರಿಯಬಹುದೆಂದೂ ಬರೆದಿರುತ್ತಾರೆ. ನೀವು ಇರುವ ಊರಿಗಿಂತ ನೀವು ಹೋಗಬೇಕಾದ ಊರಿನ, ಅದಕ್ಕಿಂತಲೂ ನಡುವಿನ ಹಾದಿಯ ಮುನ್ಸೂಚನೆ ಮುಖ್ಯ.

ಸರಾಸರಿ ಕೇವಲ 19 ಮೀಟರ್ ಆಳದ ಈರಿ ಸರೋವರ ಕಡು ಚಳಿಯ ವರ್ಷಗಳಲ್ಲಿ ಜನವರಿ, ಫೆಬ್ರವರಿಯ ಹೊತ್ತಿಗೆ ಹೆಪ್ಪುಗಟ್ಟುತ್ತದೆ, ಆಗ ತೇವದ ಪೂರೈಕೆ ನಿಲ್ಲುತ್ತದೆ. ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. 1977ರ ಜನವರಿ ಕೊನೆಯ ಬಿರುಗಾಳಿಯಲ್ಲಿ ಹೊಸದಾಗಿ ಬಿದ್ದ ಹಿಮ ಹೆಚ್ಚೇನೂ ಇರಲಿಲ್ಲ. ಹೆಪ್ಪುಗಟ್ಟಿದ ಸರೋವರದ ಮೇಲೆ ವಾರಗಟ್ಟಲೆ ಕೂತಿದ್ದ ಹಿಮವನ್ನೇ ಗಾಳಿ ಎತ್ತಿ ತಂದು ಊರಿನ ಮೇಲೆ ಸುರಿದಿತ್ತು. ಒಂಟಾರಿಯೋ ಸರೋವರ ಬಹಳ ಆಳವಾದದ್ದು, ಪೂರ್ತಿ ಹೆಪ್ಪುಗಟ್ಟುವುದು ಅಪರೂಪ, ಹಾಗಾಗಿ ಅದರ ಪೂರ್ವಕ್ಕಿರುವ ಟಗ್ ಹಿಲ್ ಪ್ರಸ್ಥಭೂಮಿಯಲ್ಲಿ ಚಳಿಗಾಲದ ಉದ್ದಕ್ಕೂ ಹಿಮ ಬೀಳುತ್ತಲೇ ಇರುತ್ತದೆ.

ಇನ್ನು ಕಾರಿನ ವಿಷಯ. ಪಟ್ಟಿಯೊಳಗೆ ನುಗ್ಗಿದ ಕಾರು ಕೆಲವೇ ನಿಮಿಷಗಳಲ್ಲಿ ಏನೂ ಕಾಣದ ಬಿಳುಪಿನಲ್ಲಿ ನಿಲ್ಲುತ್ತದೆ. ಆಗ ಕಾರನ್ನು ಬಿಟ್ಟು ನಡೆದು ಹೋಗಬಾರದು. ಐವತ್ತು ಹೆಜ್ಜೆ ದೂರದ ಮನೆಯೂ ಕಾಣದೆ ದಾರಿ ತಪ್ಪಿದವರಿದ್ದಾರೆ. ಕಾರಿನಲ್ಲೇ ಉಳಿಯುವುದು ಸರಿಯಾದ ನಿರ್ಧಾರ, ಆದರೆ ಅಲ್ಲಿ ಅಪಾಯ ಬರುವುದು ಹಿಂದಿನ ಹೊಗೆಕೊಳವೆಯಿಂದ. ಹೊರಗೆ ಬೀಳುವ ಹಿಮ ಆ ಕೊಳವೆಯ ಬಾಯನ್ನು ಮುಚ್ಚಿದರೆ ಎಂಜಿನ್ನಿನ ಹೊಗೆ ಕಾರಿನ ತಳದಲ್ಲಿ ತುಂಬಿ ಒಳಗೆ ನುಸುಳುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಹಿಡಿದುಕೊಳ್ಳುತ್ತದೆ. ಎಂಜಿನ್ ಹಾಕುವ ಮೊದಲು ಪ್ರತಿ ಸಲವೂ ಇಳಿದು, ಕಾರನ್ನು ಒಂದು ಕೈಯಿಂದ ಹಿಡಿದುಕೊಂಡೇ ಹಿಂದಕ್ಕೆ ಹೋಗಿ, ಕೊಳವೆಯ ಸುತ್ತಲಿನ ಹಿಮವನ್ನು ಬಗೆದು ತೆಗೆಯಬೇಕು. ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಗಾಳಿ ಬೀಸದ ಬದಿಯ ಕಿಟಕಿಯನ್ನು ಒಂದು ಬೆರಳಿನಷ್ಟು ತೆರೆದಿಡಬೇಕು. ಗಂಟೆಗೆ ನಾಲ್ಕೈದು ಅಂಗುಲ ಬೀಳುವ ಹಿಮದಲ್ಲಿ ಕಳೆದ ಗಂಟೆ ಬಿಡಿಸಿದ ಕೊಳವೆ ಈ ಗಂಟೆಗೆ ಮತ್ತೆ ಮುಚ್ಚಿರುತ್ತದೆ ಎಂಬುದನ್ನು ಮರೆಯಬಾರದು.

ಇದೇ ಅನಿಲ ಮನೆಯೊಳಗೂ ಬರುತ್ತದೆ. ಇಲ್ಲಿನ ಹೊಸ ಮನೆಗಳಲ್ಲಿ ಬಿಸಿಗಾಳಿಯ ಕುಲುಮೆಯ ಹೊಗೆ ಚಾವಣಿಯ ಚಿಮಣಿಯ ಬದಲು ಪಕ್ಕದ ಗೋಡೆಯಿಂದ ಹೊರಚಾಚಿದ ಬಿಳಿ ಪ್ಲಾಸ್ಟಿಕ್ ಕೊಳವೆಗಳಿಂದ ಹೋಗುತ್ತದೆ. ಅವು ಬಹಳ ಸಲ ನೆಲದಿಂದ ಎರಡು ಮೂರಡಿಗಿಂತ ಮೇಲಿರುವುದಿಲ್ಲ. ನಿಮ್ಮ ಮನೆಯಲ್ಲಿ ಅವು ಎಲ್ಲಿವೆ ಎಂಬುದನ್ನು ಅಕ್ಟೋಬರ್‌ನಲ್ಲೇ ನೋಡಿಟ್ಟುಕೊಳ್ಳಿ, ಹಿಮ ಬೀಳುವಾಗ ಮೊದಲು ಬಿಡಿಸಬೇಕಾದದ್ದು ಕಾರಿನ ಹಾದಿಯನ್ನಲ್ಲ, ಆ ಕೊಳವೆಗಳ ಬಾಯನ್ನು. ವಿದ್ಯುತ್ ಹೋದಾಗ ಜನರೇಟರನ್ನು ಗ್ಯಾರೇಜಿನಲ್ಲಿ ಬಾಗಿಲು ತೆರೆದಿಟ್ಟುಕೊಂಡೂ ಓಡಿಸಬಾರದು, ಮನೆಯಿಂದ ಇಪ್ಪತ್ತು ಅಡಿ ದೂರ ಹೊರಗಿಡಬೇಕು. ಇದ್ದಿಲ ಒಲೆಯನ್ನು ಒಳಗೆ ತರುವ ಯೋಚನೆಯನ್ನಂತೂ ಮಾಡಲೇಬಾರದು. ಬಾಣಂತಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದ ಮನೆಗಳಿಂದ ಬಂದ ಹಿರಿಯರು ನನ್ನೊಂದಿಗೆ ಇದನ್ನು ವಾದಿಸಿದ್ದುಂಟು. ನಾಡಹೆಂಚಿನ ಸಂದುಗಳಿಂದ ಗಾಳಿಯಾಡುತ್ತಿದ್ದ ಆ ಕೋಣೆಯೂ ಸುರಕ್ಷಿತವಾಗಿರಲಿಲ್ಲ. ಚಳಿ ನುಗ್ಗದಂತೆ ಬಿಗಿಯಾಗಿ ಮುಚ್ಚಿದ ಇಲ್ಲಿನ ಮನೆಯಲ್ಲಂತೂ ಅದು ಪ್ರಾಣಕ್ಕೇ ಎರವಾಗುತ್ತದೆ.

ತಲೆನೋವು, ಓಕರಿಕೆ, ತಲೆಸುತ್ತು ಮನೆಯವರೆಲ್ಲರಿಗೂ ಒಟ್ಟಿಗೆ ಬಂದು, ಹೊರಗೆ ಬಂದಾಗ ಕಡಿಮೆಯಾಗುವಂತಿದ್ದರೆ ಅದನ್ನು ಫ್ಲೂ ಎಂದು ತಿಳಿಯಬೇಡಿ. ಕೋವಿಡ್ ಕಾಲದಿಂದ ಬಹುತೇಕ ನಮ್ಮ ಮನೆಗಳಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದೆ, ಅದರ ಮೇಲೆ ವಿಶ್ವಾಸವೂ ಬೆಳೆದಿದೆ. ಇಲ್ಲಿ ಆ ವಿಶ್ವಾಸವೇ ಅಪಾಯಕಾರಿ. ಆ ಸಾಧನವು ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನನ್ನೂ ಆಮ್ಲಜನಕ ಹಿಡಿದದ್ದೆಂದೇ ಎಣಿಸುತ್ತದೆಯಾದ್ದರಿಂದ, ಉಸಿರು ಕಟ್ಟುತ್ತಿರುವ ಮನುಷ್ಯನ ಬೆರಳಿನಲ್ಲಿ 98 ಎಂದು ತೋರಿಸಬಲ್ಲದು. ನೆಚ್ಚಬೇಕಾದದ್ದು ಗೋಡೆಯ ಮೇಲಿನ ಕಾರ್ಬನ್ ಮಾನಾಕ್ಸೈಡ್ ಅಲಾರಂ. ಅದು ಕೂಗಿದರೆ ಎಲ್ಲರೂ ಹೊರಗೆ ಬಂದು ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಬೇಕು.

ಸಲಿಕೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 2022ರ ನವೆಂಬರ್‌ನಲ್ಲಿ ಬಫಲೋದ ದಕ್ಷಿಣಕ್ಕಿರುವ ಆರ್ಚರ್ಡ್ ಪಾರ್ಕ್ ಎಂಬ ಊರಿನಲ್ಲಿ ಎರಡು ಮೀಟರ್ ಆಸುಪಾಸಿನ ಹಿಮ ಬಿದ್ದಾಗ ಈರಿ ಕೌಂಟಿ ಮೊದಲು ಪ್ರಕಟಿಸಿದ ಎರಡು ಸಾವುಗಳೂ ಹಿಮ ತೆಗೆಯುವ ಶ್ರಮದಿಂದ ಹೃದಯ ನಿಂತವರದ್ದು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 1981ರಿಂದ 2014ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೂ ಭಾರಿ ಹಿಮ ಬಿದ್ದ ಮರುದಿನ ಗಂಡಸರಲ್ಲಿ ಹೃದಯಾಘಾತ ಹೆಚ್ಚುವುದನ್ನು ತೋರಿಸಿದೆ. ಸಲಿಕೆ ತುಂಬ ಹಿಮ ಎತ್ತುವಾಗ ಕೈಗಳ ಸ್ನಾಯುಗಳು ಬಿಗಿಯುತ್ತವೆ, ನಮಗರಿವಿಲ್ಲದೆ ಉಸಿರು ಹಿಡಿಯುತ್ತೇವೆ, ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಅದೇ ಕ್ಷಣದಲ್ಲಿ ತಣ್ಣನೆಯ ಗಾಳಿ ಹೃದಯದ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹೃದಯಕ್ಕೆ ಹೆಚ್ಚು ರಕ್ತ ಬೇಕಾದಾಗಲೇ ಕಡಿಮೆ ರಕ್ತ ಸಿಗುತ್ತದೆ. ಭಾರತೀಯ ಮೂಲದವರಿಗೆ ಹೃದಯಾಘಾತ ಇತರರಿಗಿಂತ ಚಿಕ್ಕ ವಯಸ್ಸಿನಲ್ಲೇ ಬರುವುದರಿಂದ, ವಾರವಿಡೀ ಕಂಪ್ಯೂಟರ್ ಮುಂದೆ ಕೂರುವ ನಲವತ್ತೈದರ ಗೃಹಸ್ಥ ಇದನ್ನು ಮುದುಕರ ಸಮಸ್ಯೆಯೆಂದು ಭಾವಿಸುವಂತಿಲ್ಲ.

ಮನೆಯ ಮುಂದಿನ ಹಾದಿಯ ಹಿಮವೆಲ್ಲ ಒಂದೇ ತೂಕದ್ದಲ್ಲ. ಮೇಲಿನ ಹೊಸ ಹಿಮ ಹಗುರವಾಗಿರುತ್ತದೆ. ಹಾದಿ ರಸ್ತೆಗೆ ಸೇರುವಲ್ಲಿ ಸರ್ಕಾರಿ ಹಿಮನೇಗಿಲು ತಳ್ಳಿ ಹೋದ ದಿಣ್ಣೆ ಮಾತ್ರ ಉಪ್ಪು, ಕೆಸರು, ಮಂಜುಗಡ್ಡೆ ಕೂಡಿ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಎಲ್ಲರೂ ಬಾಗಿಲಿನಿಂದ ಶುರುಮಾಡಿ, ದಣಿದ ಮೇಲೆ, ಕೆಲಸಕ್ಕೆ ತಡವಾಯಿತೆಂಬ ಅವಸರದಲ್ಲಿ ಆ ದಿಣ್ಣೆಗೆ ಕೈಹಾಕುತ್ತಾರೆ. ಹಿಮ ಬೀಳುತ್ತಿರುವಾಗಲೇ ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತೆಗೆಯಿರಿ, ಎತ್ತುವ ಬದಲು ತಳ್ಳಿ, ಎತ್ತಲೇಬೇಕಾದರೆ ಅರ್ಧ ಸಲಿಕೆಯಷ್ಟೇ ಎತ್ತಿ, ಆ ದಿಣ್ಣೆಯನ್ನು ಯಂತ್ರವಿದ್ದವರಿಗೆ ಹಣ ಕೊಟ್ಟಾದರೂ ಒಪ್ಪಿಸಿ. ಹೃದಯದ ತೊಂದರೆ ಇರುವವರು, ಸ್ಟೆಂಟ್ ಹಾಕಿಸಿಕೊಂಡವರು ಸಲಿಕೆಯನ್ನು ಮುಟ್ಟಲೇಬಾರದು. ಎದೆಯ ಬಿಗಿತ, ಬೆವರು, ದವಡೆ ಅಥವಾ ಎಡಗೈಗೆ ಹರಡುವ ನೋವು ಬಂದಾಗ ನಮ್ಮವರ ಬಾಯಲ್ಲಿ ಮೊದಲು ಬರುವ ಮಾತು ಗ್ಯಾಸ್ಟ್ರಿಕ್. ಜೀರಿಗೆ ಕಷಾಯ ಕುಡಿದು ಒಂದು ಗಂಟೆ ಮಲಗಿದರೆ ಆ ಒಂದು ಗಂಟೆಯಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಮೊದಲು 911; ಆಸ್ಪಿರಿನ್ ಅಲರ್ಜಿ ಇಲ್ಲದವರು ಕರೆಯಲ್ಲಿರುವವರ ಸಲಹೆಯಂತೆ ಅದನ್ನು ಜಗಿದು ನುಂಗಬಹುದು.

ಆದರೆ ಆಂಬುಲೆನ್ಸ್ ಬಾರದಿರುವ ದಿನಗಳೂ ಇವೆ. 2022ರ ಡಿಸೆಂಬರ್ 23ರಿಂದ ಬೀಸಿದ ಬಿರುಗಾಳಿಯಲ್ಲಿ ಬಫಲೋ ವಿಮಾನನಿಲ್ದಾಣದಲ್ಲಿ ಒಟ್ಟು 51.9 ಅಂಗುಲ ಹಿಮ ಬಿತ್ತು. 37 ಗಂಟೆಗಳ ಕಾಲ ಹಿಮಬಿರುಗಾಳಿಯ ಸ್ಥಿತಿ ಬಿಡುವಿಲ್ಲದೆ ಇತ್ತು. ಈರಿ ಮತ್ತು ನಯಾಗರಾ ಕೌಂಟಿಗಳಲ್ಲಿ 47 ಮಂದಿ ಸತ್ತರು. ಹವಾಮಾನ ಕಚೇರಿ ಇದನ್ನು ತಲೆಮಾರಿಗೊಮ್ಮೆ ಬರುವ ಬಿರುಗಾಳಿಯೆಂದು ಮೊದಲೇ ಹೇಳಿತ್ತು. ವಾಹನ ಸಂಚಾರ ನಿಷೇಧ ಜಾರಿಗೆ ಬಂದದ್ದು 23ರ ಬೆಳಿಗ್ಗೆ 9.30ಕ್ಕೆ, ಜನ ಕೆಲಸಕ್ಕೆ ಹೊರಟ ಮೇಲೆ. ಸತ್ತವರಲ್ಲಿ ಕಾರಿನಲ್ಲಿ ಸಿಕ್ಕವರಿದ್ದರು, ಬೀದಿಯಲ್ಲಿ ಬಿದ್ದವರಿದ್ದರು, ತಾಪನವಿಲ್ಲದ ಮನೆಯೊಳಗೇ ಉಳಿದವರಿದ್ದರು, ಕರೆ ಮಾಡಿದರೂ ನೆರವು ತಲುಪದವರಿದ್ದರು. ರಕ್ಷಣೆಗೆ ಹೊರಟ ವಾಹನಗಳೇ ಹಿಮದಲ್ಲಿ ಹೂತಿದ್ದವು. ಆದೇಶ ಬರುವವರೆಗೆ ಕಾಯದೆ, ಎಚ್ಚರಿಕೆ ಬಂದ ದಿನವೇ ಹೊರಡುವುದಿಲ್ಲವೆಂದು ತೀರ್ಮಾನಿಸುವ ಹಕ್ಕನ್ನು ದಿನಗೂಲಿಯವರಿಗೂ ಕೊಡದಿದ್ದರೆ ಇಂಥ ಸಾವುಗಳು ನಿಲ್ಲುವುದಿಲ್ಲವೆಂದು ನಾನು ನಂಬಿದ್ದೇನೆ.

ಮನೆಯ ಸಿದ್ಧತೆಯನ್ನು ಈ ದೃಷ್ಟಿಯಿಂದಲೇ ಮಾಡಬೇಕು: ಮೂರು ನಾಲ್ಕು ದಿನ ಯಾರೂ ನಮ್ಮನ್ನು ತಲುಪಲಾರರು, ವಿದ್ಯುತ್ತೂ ಇರಲಾರದು ಎಂದುಕೊಂಡು. ಅಕ್ಕಿ, ಬೇಳೆ ನಮ್ಮ ಮನೆಗಳಲ್ಲಿ ಹೇಗೂ ಇರುತ್ತವೆ, ಖಾಲಿಯಾಗುವುದು ಔಷಧ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಬಿರುಗಾಳಿಗೆ ಒಂದು ದಿನ ಮೊದಲೇ ಸರದಿ ಕೇಳಿ ಪಡೆಯಬೇಕು, ತಪ್ಪಿದ ದಿನಗಳಲ್ಲಿ ಬಾಳೆಹಣ್ಣು, ಎಳನೀರು, ಉಪ್ಪಿನಕಾಯಿಗಳಿಂದ ದೂರವಿರಬೇಕು. ವಿದ್ಯುತ್ತಿನಿಂದ ನಡೆಯುವ ಆಮ್ಲಜನಕ ಯಂತ್ರ ಇರುವವರು ಸಿಲಿಂಡರನ್ನೂ ಇಟ್ಟುಕೊಳ್ಳಬೇಕು. ಇನ್ಸುಲಿನ್ನನ್ನು ಕಾರಿನಲ್ಲಿ ಬಿಡಬೇಡಿ, ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಮರಗಟ್ಟಿದ ಬೆರಳುಗಳನ್ನು ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದಿದ್ದರೆ ಮೈ ಬಿಸಿಯಷ್ಟೇ ಇರುವ, 37ರಿಂದ 39 ಡಿಗ್ರಿಯ ನೀರಿನಲ್ಲಿ ಅದ್ದಿಡಿ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಿಸಿನೀರಿನ ಚೀಲ ಇಟ್ಟರೆ ಸುಟ್ಟರೂ ಅವರಿಗೆ ತಿಳಿಯುವುದಿಲ್ಲ, ಆದ್ದರಿಂದ ನೀರಿನ ಬಿಸಿಯನ್ನು ಬೇರೆಯವರ ಕೈಯಿಂದ ನೋಡಿಸಬೇಕು.

ಮೊಮ್ಮಗುವಿನ ಬಾಣಂತನಕ್ಕೆಂದು ಚಳಿಗಾಲದಲ್ಲಿ ಬರುವ ತಂದೆ ತಾಯಿಯರ ವಿಷಯದಲ್ಲಿ ಇನ್ನೊಂದು ಮಾತಿದೆ. ಬಿರುಗಾಳಿಯ ನಡುವೆ ಅವರ ಬಿಪಿ ಮಾತ್ರೆ ಮುಗಿದರೆ ಇಲ್ಲಿನ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವುದಿಲ್ಲ, ಊರಿನ ಮಾತ್ರೆಯ ಬ್ರ್ಯಾಂಡ್ ಹೆಸರು ಹೇಳಿದರೆ ನಮ್ಮ ಆಸ್ಪತ್ರೆಗಳಲ್ಲಿ ಅನೇಕರಿಗೆ ಅರ್ಥವೂ ಆಗುವುದಿಲ್ಲ. ಪ್ರವಾಸಕ್ಕೆ ಬೇಕಾದುದಕ್ಕಿಂತ ಒಂದು ತಿಂಗಳು ಹೆಚ್ಚಿನ ಔಷಧವನ್ನು ವೈದ್ಯರ ಚೀಟಿಯ ಸಮೇತ ತರಿಸಿಕೊಳ್ಳಿ, ಪ್ರತಿ ಮಾತ್ರೆಯ ಮೂಲ ಔಷಧದ ಹೆಸರು ಮತ್ತು ಪ್ರಮಾಣವನ್ನು ಇಂಗ್ಲಿಷಿನಲ್ಲಿ ಒಂದು ಹಾಳೆಯಲ್ಲಿ ಬರೆದು ಅವರ ಪಾಸ್‌ಪೋರ್ಟಿನೊಳಗೆ ಇಡಿ.